ಪಕ್ಕದ ಸಾಲು ಸರಿದಾಗ

ಸಂಜೆ ಹೊತ್ತು ವಾಶಿ ಖಾಡಿ ಸೇತುವೆಯ ಮೇಲೆ ಬಸ್ಸಿನಲ್ಲಿ ಸಿಕ್ಕಿಹಾಕಿಕೊಂಡ ಅನುಭವ ನಿಮಗೆಲ್ಲ ಇದ್ದೇ ಇದೆ. ಎರಡೂ ಸಾಲು ನಿಂತಿವೆ. ಅಷ್ಟರಲ್ಲಿ ಪಕ್ಕದ ಸಾಲು ಮೆಲ್ಲನೆ ಸರಿಯುತ್ತದೆ. ಆಗ ಹೊಟ್ಟೆಕಿಚ್ಚು ಬರುತ್ತದೆಯೇ? ಇಲ್ಲ, 'ಸದ್ಯ, ಇನ್ನು ನಮ್ಮದೂ ಹೊರಟೀತು' ಎಂಬ ಸಮಾಧಾನ. ಹತ್ತು ನಿಮಿಷವಾದರೂ ಅವರದೇ ಓಡುತ್ತಿದ್ದರೆ ಮಾತ್ರ ಹಾರ್ನ್ ಶುರು, ಬೈಗುಳ ಶುರು, ಗೆರೆ ದಾಟಿ ನುಗ್ಗುವುದೂ ಶುರು.

ಆಲ್ಬರ್ಟ್ ಹಿರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1973ರಲ್ಲಿ ಸುರಂಗದೊಳಗಿನ ಇಂಥದೇ ಟ್ರಾಫಿಕ್ ಜಾಮ್‌ನ ಉದಾಹರಣೆ ಕೊಟ್ಟು, ಜನ ಆದಾಯದ ಅಂತರವನ್ನು ಎಲ್ಲಿಯವರೆಗೆ ಸಹಿಸುತ್ತಾರೆ ಎಂದು ವಿವರಿಸಿದರು. ಅಂತರ ಎಷ್ಟಿದೆ ಎಂಬುದಕ್ಕಿಂತ, ನಮ್ಮ ಸರದಿಯೂ ಬರುತ್ತದೆಂಬ ನಂಬಿಕೆ ಉಳಿದಿದೆಯೇ ಎಂಬುದು ಮುಖ್ಯ. ಅದು ಕಳೆದರೆ ಶಾಂತವಾಗಿದ್ದ ಊರೂ ಬೀದಿಗಿಳಿಯುತ್ತದೆ.

ನಮ್ಮ ನವಿಮುಂಬಯಿ ಇದನ್ನು ಕಂಡಿದೆ. 1970ರಲ್ಲಿ ಸಿಡ್ಕೋ ಬಂತು. 95 ಹಳ್ಳಿಗಳ ಗದ್ದೆ, ಉಪ್ಪಿನ ಆಗರಗಳು ಹೊಸ ಪಟ್ಟಣಕ್ಕೆ ಹೋದವು. ನೆಲ ಕೊಟ್ಟ ಆಗ್ರಿ, ಕೋಳಿ ಜನರ ಕಣ್ಣೆದುರೇ ಅದರ ಬೆಲೆ ಏರಿತು. ಅವರು ಪಕ್ಕದ ಸಾಲಿನಲ್ಲೂ ಇರಲಿಲ್ಲ, ರಸ್ತೆ ಹಾಕಿದ್ದೇ ಅವರ ಗದ್ದೆಯ ಮೇಲೆ! 1984ರ ಜನವರಿಯಲ್ಲಿ, ಉರಣ್ ತಾಲೂಕಿನ ಜಾಸಯಿ ಭಾಗದಲ್ಲಿ, ದಿ. ಬಾ. ಪಾಟೀಲರ ಮುಂದಾಳುತನದ ಚಳವಳಿಯ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಐವರು ಪ್ರಾಣ ತೆತ್ತರು. ವಶಪಡಿಸಿಕೊಂಡ ಭೂಮಿಯ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿ ಮರಳಿ ಕೊಡುವ ಯೋಜನೆ ಆ ಹೋರಾಟದ ಫಲ. ಅಂತೂ ಅವರನ್ನೂ ಸಾಲಿಗೆ ಸೇರಿಸಿಕೊಂಡಂತಾಯಿತು. 2021ರಲ್ಲಿ ವಿಮಾನ ನಿಲ್ದಾಣಕ್ಕೆ ಪಾಟೀಲರ ಹೆಸರಿಡಬೇಕೆಂದು ಸಾವಿರಾರು ಜನ ಬೀದಿಗಿಳಿದಾಗ, 'ಬರೀ ಹೆಸರಿಗೆ ಇಷ್ಟೇಕೆ?' ಎಂದವರು ನಮ್ಮಲ್ಲೂ ಇದ್ದರು. ನನಗೆ ಹಾಗನ್ನಿಸಲಿಲ್ಲ. ಅದು ಹಳೆಯ ಲೆಕ್ಕದ ಬಾಕಿ.

ಇನ್ನು ನಮ್ಮವರ ಮಾತು. ಸೀವುಡ್ಸ್‌ನಲ್ಲಿ ರೈಲು ನಿಲ್ದಾಣಕ್ಕೆ ಅಂಟಿಕೊಂಡೇ ದೊಡ್ಡ ಮಾಲ್ ಇದೆ. ನಿಲ್ದಾಣದ ಹೆಸರಿನಲ್ಲಿ ದಾರಾವೆ ಎಂಬ ಹಳೆಯ ಊರೂ ಉಳಿದಿದೆ, ಅಷ್ಟು ಪುಣ್ಯ. ಆ ಬದಿಯ ನಾಕಾದಲ್ಲಿ ಕೂಲಿಗೆ ಕಾಯುತ್ತಿದ್ದ ವಿಜಯಪುರದ ಕಡೆಯ ಹೆಂಗಸೊಬ್ಬರನ್ನು ಕೇಳಿದೆ: "ಇದನ್ನೆಲ್ಲ ನೋಡಿ ಸಿಟ್ಟು ಬರೂದಿಲ್ಲೇನವ್ವಾ?"

"ಯಾಕ ಬರತೈತ್ರಿ? ನಮ್ಮ ಹುಡುಗ ಕಾಲೇಜಿಗೆ ಹೊಂಟಾನ," ಎಂದರು. ಸ್ವಲ್ಪ ತಡೆದು, "ಅವಗ ನೌಕರಿ ಸಿಗಲಿಲ್ಲಂದ್ರ, ಆಮ್ಯಾಲ ಬಂದು ಕೇಳ್ರಿ," ಎಂದರು.