ಫಿಜಿಯ ಕಾನೂನು, ಫಿಜಿಯ ಮನೆಬಾಗಿಲು

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಫಿಜಿ ಎಂದೊಡನೆ ನಮಗೆ ನೆನಪಾಗುವುದು ಕಬ್ಬಿನ ತೋಟ. 1879ರಿಂದ 1916ರವರೆಗೆ 60,000ಕ್ಕೂ ಮಿಕ್ಕ ಭಾರತೀಯರು ಕರಾರಿನ ಕೂಲಿಗಳಾಗಿ ಶಾಂತಸಾಗರದ ಆ ದ್ವೀಪಗಳಿಗೆ ಹಡಗು ಹತ್ತಿದರು. ಆದರೆ ಇಂದು ನಾವು ಹೇಳಹೊರಟಿರುವುದು ಅಲ್ಲಿನ ಬೇರೊಂದು ವರ್ಗದವರ ವಿಚಾರ. ಗಂಡನ್ನೇ ಪ್ರೀತಿಸುವ ಗಂಡಸರು, ಹೆಣ್ಣನ್ನೇ ಪ್ರೀತಿಸುವ ಹೆಂಗಸರು, ಹುಟ್ಟಿದ ದೇಹಕ್ಕೂ ಒಳಮನಸ್ಸಿಗೂ ಹೊಂದಿಕೆಯಾಗದವರು. ಗಂಡಾಗಿ ಹುಟ್ಟಿ ಹೆಣ್ಣಿನ ನಡೆಯಲ್ಲಿ ಬಾಳುವವರಿಗೆ ಅಲ್ಲಿನ ಮೂಲನಿವಾಸಿಗಳ ನುಡಿಯಲ್ಲಿ 'ವಾಕಸಲೇವಲೇವ' ಎಂಬ ಹೆಸರೇ ಇದೆ. ಆಡುನುಡಿಯಲ್ಲಿ ಹೆಸರಿದ್ದ ಮೇಲೆ, ಇವರು ಹೊರಗಿನಿಂದ ಬಂದ ಹೊಸ ಗಾಳಿ ಎನ್ನುವಂತಿಲ್ಲ.

ಆಂಗ್ಲರು ನಮಗೆ 377ನೆಯ ಕಲಮು ಕೊಟ್ಟಂತೆ ಫಿಜಿಗೂ 'ನಿಸರ್ಗಕ್ಕೆ ವಿರುದ್ಧ' ಎಂಬ ಮಾತಿನ ಕಲಮನ್ನು ಕೊಟ್ಟಿದ್ದರು. 1997ರ ಸಂವಿಧಾನದಲ್ಲಿ ಫಿಜಿ, ಲೈಂಗಿಕ ಒಲವಿನ ಕಾರಣಕ್ಕೆ ಯಾರಿಗೂ ಭೇದ ಮಾಡಕೂಡದೆಂದು ಬರೆಯಿತು. ದಕ್ಷಿಣ ಆಫ್ರಿಕದ ಬೆನ್ನಿಗೇ ಇಷ್ಟು ಮುಂದೆ ಹೋದ ದೇಶ ಅದು. ಆದರೂ ಹಳೆಯ ಕಲಮು ಹಾಗೆಯೇ ಉಳಿಯಿತು. 2005ರಲ್ಲಿ, ಪರಸ್ಪರ ಒಪ್ಪಿಗೆಯಿಂದ ಕೂಡಿದ್ದ ಇಬ್ಬರು ಗಂಡಸರಿಗೆ ಕೆಳಕೋರ್ಟು ಎರಡು ವರ್ಷ ಸಜೆ ಹಾಕಿತು. ಅದೇ ವರ್ಷ ಹೈಕೋರ್ಟು, ಇದು ಖಾಸಗಿ ಬಾಳಿಗೂ ಸಮಾನತೆಗೂ ವಿರೋಧವೆಂದು ಸಜೆಯನ್ನು ರದ್ದುಮಾಡಿತು. ಸಂವಿಧಾನದ ಆ ಸಾಲು ನ್ಯಾಯಾಧೀಶರ ಕೈಗೆ ಒಂದು ಆಧಾರವಾಯಿತು.

2007ರ ಕಾರ್ಮಿಕ ಕಾನೂನು ಕೆಲಸದಲ್ಲಿಯೂ ಇಂಥ ಭೇದವನ್ನು ನಿಷೇಧಿಸಿತು. 2009ರಲ್ಲಿ ಆ ಸಂವಿಧಾನವನ್ನೇ ರದ್ದುಪಡಿಸಲಾಯಿತು. ಆದರೆ 2010ರಲ್ಲಿ ಜಾರಿಗೆ ಬಂದ ಹೊಸ ದಂಡಸಂಹಿತೆಯಲ್ಲಿ ಹಳೆಯ ಕಲಮು ಇರಲಿಲ್ಲ. 2013ರ ಸಂವಿಧಾನ ಲಿಂಗಗುರುತನ್ನೂ ರಕ್ಷಣೆಗೆ ಸೇರಿಸಿತು. ನಮ್ಮ ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ಸಾರಿದ್ದು 2018ರಲ್ಲಿ.

ಇಷ್ಟಾದರೂ ಫಿಜಿಯ ವಿವಾಹ ಕಾನೂನು ಗಂಡು-ಹೆಣ್ಣಿನ ಮದುವೆಯನ್ನು ಮಾತ್ರ ಒಪ್ಪುತ್ತದೆ. ಬೇರೆ ಬಗೆಯ ಮದುವೆಗೆ ಎಡೆಯಿಲ್ಲವೆಂದು ಅಂದಿನ ಪ್ರಧಾನಿ ಫ್ರಾಂಕ್ ಬೈನಿಮರಾಮ 2016ರಲ್ಲಿ ಬಹಿರಂಗವಾಗಿಯೇ ಹೇಳಿದರು. ಚರ್ಚಿನ ಮಾತಿಗೆ ಅಲ್ಲಿ ತೂಕ ಹೆಚ್ಚು. ಕೋರ್ಟು ಸೆರೆಮನೆಯ ಬಾಗಿಲು ತೆರೆಯಿಸಬಲ್ಲದು. ಮಗನನ್ನು ಹೊರಗೆ ಹಾಕಿದ ತಂದೆಯ ಬಾಗಿಲನ್ನು ತೆರೆಯಿಸಲಾರದು.

ಬಂಧುಗಳೇ, ಪರಊರಿನಲ್ಲಿ ಬಾಡಿಗೆಯ ಖೋಲಿ ಹುಡುಕಿದವರು ನಾವು. ನಮ್ಮ ಭಾಷೆ ಕೇಳಿ, ಜಾತಿ ಕೇಳಿ ಬಾಗಿಲು ಹಾಕಿಕೊಂಡವರನ್ನು ಕಂಡಿದ್ದೇವೆ. ಆಗ ನಮ್ಮ ಪಾಲಿಗೆ ಸಂವಿಧಾನವಿರಲಿಲ್ಲವೇ? ಇತ್ತು. ನಮಗೆ ಬೇಕಾಗಿದ್ದುದು 'ಒಳಗೆ ಬನ್ನಿ' ಎನ್ನುವ ಒಬ್ಬ ಮನುಷ್ಯ. ನಮ್ಮ ಖೋಲಿಯಲ್ಲಿ, ಖಾತೆಯಲ್ಲಿ, ಈ ವಾಚನಾಲಯದ ಬೆಂಚಿನ ಮೇಲೆ ಇಂಥವರೊಬ್ಬರು ಬಂದು ಕುಳಿತರೆ, ನಗದೆ, ಕೆಣಕದೆ, ಸ್ವಲ್ಪ ಸರಿದು ಜಾಗ ಕೊಡೋಣ. ಅದಕ್ಕೆ ಯಾವ ಕಾನೂನೂ ಬೇಕಿಲ್ಲ.