ಬಾಯಿಮಾತು ಸಾಲದು



ಇವತ್ತು ನಾವು ಒಂದು ಕಾಗದದ ವಿಷಯ ಮಾತಾಡೋಣ. ಅದಕ್ಕೂ ಮೊದಲು ನಮ್ಮೂರಿನ ಒಂದು ಸಂಗತಿ ಕೇಳಿ.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಜ್ಜಿ ಬರುತ್ತಿದ್ದರು. ಗಂಡ ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ಮನೆ ಪಕ್ಕ ಒಂದು ಖಾಲಿ ನಿವೇಶನ ಇತ್ತು. ಖಾತೆ ಅಜ್ಜಿಯ ಹೆಸರಿನಲ್ಲೇ ಇತ್ತು. ಅಂಗನವಾಡಿ ಮಕ್ಕಳು ದೇವಸ್ಥಾನದ ಜಗಲಿಯಲ್ಲಿ ಕೂರುತ್ತಿದ್ದರು. ಮಳೆ ಬಂದರೆ ಮನೆಗೆ ಓಡಬೇಕು. ಅದನ್ನು ನೋಡಿ ಅಜ್ಜಿ, “ನಾನು ಹೋದ ಮೇಲೆ ಆ ಜಾಗ ಅಂಗನವಾಡಿಗೇ ಆಗಲಿ” ಅನ್ನುತ್ತಿದ್ದರು. ನಾವೆಲ್ಲ ಕೇಳಿ ಸಂತೋಷಪಟ್ಟೆವು. “ಬರೆದಿಡಿ ಅಜ್ಜಿ” ಎಂದು ನಾವು ಯಾರೂ ಹೇಳಲಿಲ್ಲ. ಸಾವಿನ ಮಾತು ಆಡಲು ಸಂಕೋಚ.

ಅಜ್ಜಿ ತೀರಿಕೊಂಡರು. ಜಾಗ ಗಂಡನ ಅಣ್ಣನ ಮಕ್ಕಳಿಗೆ ಹೋಯಿತು. ಅವರು ಬೇಲಿ ಹಾಕಿದರು. ನಾವು ಹೋಗಿ ಕೇಳಿದೆವು. “ಕಾಗದ ಇದೆಯಾ?” ಅಂದರು. ಅವರದು ತಪ್ಪು ಎನ್ನಲಾರೆವು. ಕಾಗದ ಇರಲಿಲ್ಲ. ಮಕ್ಕಳು ಈಗಲೂ ಜಗಲಿಯಲ್ಲೇ ಇದ್ದಾರೆ. ಅಕ್ಷರ ಕಲಿಸುವ ನಮಗೇ ಆ ಬುದ್ಧಿ ಹೊಳೆಯಲಿಲ್ಲ.

ಆ ಕಾಗದದ ಹೆಸರು ಉಯಿಲು. ವಿಲ್ ಅಂತಲೂ ಹೇಳುತ್ತಾರೆ. ಮರಣಶಾಸನ ಎಂಬ ಹೆಸರೂ ಇದೆ. ಶಾಸನ ಎಂದರೆ ನಮಗೆ ಕಲ್ಲು ನೆನಪಾಗುತ್ತೆ, ಅಲ್ಲವೇ? ಸಾವಿರ ವರ್ಷದ ಹಿಂದೆ ಅತ್ತಿಮಬ್ಬೆ ಎಂಬ ಹೆಣ್ಣುಮಗಳು ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಅವಳ ದಾನದ ಮಾತನ್ನು ಕಲ್ಲಿನಲ್ಲಿ ಬರೆದರು. ಅದನ್ನು ಇಂದಿಗೂ ಓದಬಹುದು. ನಮಗೆ ಕಲ್ಲು ಬೇಡ. ಒಂದು ಹಾಳೆ ಸಾಕು.

“ಹೆಂಗಸರು ಉಯಿಲು ಬರೆಯಬಹುದಾ?” ಎಂದು ಕೇಳುತ್ತೀರಿ. ಧಾರಾಳವಾಗಿ ಬರೆಯಬಹುದು. 18 ವರ್ಷ ತುಂಬಿರಬೇಕು. ಬುದ್ಧಿ ಸ್ಥಿಮಿತದಲ್ಲಿರಬೇಕು. ಆಸ್ತಿ ನಮ್ಮದಾಗಿರಬೇಕು. ಹಿಂದೂ ಹೆಣ್ಣುಮಕ್ಕಳ ಆಸ್ತಿಗೆ ಅವರೇ ಪೂರ್ಣ ಒಡತಿಯರು ಎಂದು 1956ರ ಕಾನೂನು ಹೇಳುತ್ತೆ. ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲಿ ಬಂತು. ಇಡೀ ದೇಶಕ್ಕೆ 2005ರಲ್ಲಿ ಬಂತು. ಮುಸ್ಲಿಂ ಅಕ್ಕಂದಿರು ವಾರಸುದಾರರ ಒಪ್ಪಿಗೆ ಇಲ್ಲದೆ ಮೂರರಲ್ಲಿ ಒಂದು ಭಾಗದವರೆಗೆ ಬರೆಯಬಹುದು.

“ಹೊಟ್ಟೆಯಲ್ಲಿ ಹುಟ್ಟಿದವರನ್ನು ಬಿಟ್ಟು ಊರಿಗೆ ಕೊಡೋದಾ?” ಎಂದು ಒಬ್ಬ ಅಕ್ಕ ಕೇಳಿದರು. ಮಕ್ಕಳ ಬಾಯಿಂದ ಕಿತ್ತು ಕೊಡಿ ಎಂದು ನಾವು ಹೇಳೋಲ್ಲ. ಮಕ್ಕಳ ಪಾಲು ಮಕ್ಕಳಿಗೆ ಇರಲಿ. ಆದರೆ ಒಂದು ಚಿಕ್ಕ ಪಾಲು ಊರಿಗೂ ಇರಬಹುದು. ಶಾಲೆಗೆ ಒಂದು ಬೀರು ಆದೀತು. ಬ್ಯಾಂಕಿನಲ್ಲಿ ಸ್ವಲ್ಪ ಹಣ ಇಟ್ಟರೆ ಅದು ದತ್ತಿನಿಧಿ. ಅದರ ಬಡ್ಡಿಯಲ್ಲಿ ಪ್ರತಿ ವರ್ಷ ಬಡ ಮಕ್ಕಳಿಗೆ ನೋಟುಪುಸ್ತಕ ಕೊಡಬಹುದು.

ಹೇಗೆ ಬರೆಯಬೇಕು?

ಬಿಳಿ ಹಾಳೆಯಲ್ಲಿ ಬರೆದರೂ ನಡೆಯುತ್ತೆ. ಛಾಪಾ ಕಾಗದವೇ ಬೇಕೆಂದಿಲ್ಲ.

ಬರೀ “ಊರಿಗೆ” ಎಂದು ಬರೆಯಬೇಡಿ. ಊರು ಎಂದರೆ ಯಾರು? ಜಗಳಕ್ಕೆ ದಾರಿ. ಇಂಥ ಶಾಲೆಗೆ, ಇಂಥ ಪಂಚಾಯಿತಿಗೆ, ಇಂಥ ಕೆಲಸಕ್ಕೆ ಎಂದು ಬರೆಯಿರಿ. ಜಾಗವಾದರೆ ನಂಬರು, ಅಳತೆ, ಚೆಕ್ಕುಬಂದಿ ಬರೆಯಿರಿ.

ಇಬ್ಬರು ಸಾಕ್ಷಿಗಳು ಬೇಕು. ಅವರ ಕಣ್ಣೆದುರು ನಾವು ಸಹಿ ಹಾಕಬೇಕು. ನಮ್ಮ ಕಣ್ಣೆದುರು ಅವರು ಸಹಿ ಹಾಕಬೇಕು. ಪಾಲು ಪಡೆಯುವವರನ್ನು ಸಾಕ್ಷಿ ಮಾಡಬೇಡಿ.

ಉಯಿಲನ್ನು ಜಾರಿ ಮಾಡಲು ನಂಬಿಕೆಯ ಒಬ್ಬರನ್ನು ಹೆಸರಿಸಿ. ಅದು ಎಲ್ಲಿದೆ ಎಂದು ಅವರಿಗೆ ಹೇಳಿಡಿ. ಅಕ್ಕಿ ಡಬ್ಬದ ತಳದಲ್ಲಿ ಇಟ್ಟು ಮರೆತರೆ ಏನು ಫಲ?

ನೋಂದಣಿ ಕಡ್ಡಾಯವಲ್ಲ. ಆದರೆ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದರೆ ಕಾಗದಕ್ಕೆ ಬಲ ಹೆಚ್ಚು.

“ಬರೆದುಕೊಟ್ಟರೆ ನಾಳೆ ನಮ್ಮನ್ನು ಮನೆಯಿಂದ ಹೊರಗೆ ಹಾಕಿದರೆ?” ಈ ಭಯ ಬೇಡ. ನಾವು ಬದುಕಿರುವವರೆಗೆ ಆಸ್ತಿ ನಮ್ಮದೇ. ಮನಸ್ಸು ಬದಲಾದರೆ ಉಯಿಲನ್ನು ಬದಲಾಯಿಸಬಹುದು, ರದ್ದು ಮಾಡಬಹುದು. ಕೊನೆಗೆ ಬರೆದದ್ದೇ ಊರ್ಜಿತ. ದಾನಪತ್ರ ಹಾಗಲ್ಲ. ದಾನಪತ್ರ ನೋಂದಣಿ ಆದರೆ ಆಸ್ತಿ ಆಗಲೇ ಕೈಬಿಟ್ಟಿತು. ಆದ್ದರಿಂದ ಸಹಿ ಹಾಕುವ ಮುನ್ನ ಮೇಲಿನ ಸಾಲು ಓದಿ. ಅಲ್ಲಿ ಉಯಿಲು ಎಂದಿದೆಯೋ, ದಾನಪತ್ರ ಎಂದಿದೆಯೋ? ಈಗ ನಮಗೆ ಓದಲು ಬರುತ್ತೆ. ತಿಳಿಯದಿದ್ದರೆ ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಹೆಂಗಸರಿಗೆ ಅಲ್ಲಿ ಉಚಿತ ನೆರವು ಉಂಟು.

ಉಯಿಲಿಗೆ ಹೆಬ್ಬೆಟ್ಟು ಒತ್ತಿದರೂ ನಡೆಯುತ್ತೆ. ಆದರೆ ಆ ಅಜ್ಜಿ ನಮ್ಮಲ್ಲಿ ಸಹಿ ಕಲಿತಿದ್ದರು. ಅದನ್ನು ಹಾಕಬೇಕಾದ ಕಾಗದ ಮಾತ್ರ ಅವರ ಮುಂದೆ ಬರಲಿಲ್ಲ.

ಅಕ್ಕಂದಿರೇ, ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಮನೆಯ ಖಾತೆ, ಹೊಲದ ಪಹಣಿ ತೆಗೆಯಿರಿ. ಯಾರ ಹೆಸರು ಇದೆ, ಓದಿ. ನಾಳೆ ಬಂದು ನಮಗೆ ಹೇಳಿ. ಅಲ್ಲಿಂದ ಮುಂದಿನ ಮಾತು ಆಡೋಣ.