ಕನ್ನಂಬಾಡಿಯ ಅಡಿ ಲೆಕ್ಕ



ಮುಂಗಾರು ಹಿಡಿಯಿತೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ನಾಲ್ಕೂ ತಾಲ್ಲೂಕಿನಲ್ಲಿ ಒಂದೇ ಪ್ರಶ್ನೆ: "ಕಟ್ಟೆ ಎಷ್ಟಾಯ್ತು?" "ನೂರ ಹತ್ತು ದಾಟ್ತು" ಅಂದರೆ ಸಾಕು, ಯಾವ ಕಟ್ಟೆ, ಏನು ನೂರ ಹತ್ತು ಅಂತ ಯಾರೂ ಬಿಡಿಸಿ ಕೇಳುವುದಿಲ್ಲ. ಕಟ್ಟೆ ಅಂದರೆ ಕನ್ನಂಬಾಡಿ, ಅಂದರೆ ಕೆಆರ್‌ಎಸ್; ನೂರ ಹತ್ತು ಅಂದರೆ ಅಡಿಯಲ್ಲಿ ಅದರ ನೀರಿನ ಮಟ್ಟ. ಭೌತಶಾಸ್ತ್ರ ಅಂದರೆ ಪಠ್ಯಪುಸ್ತಕದ ಮಾತು ಅಂತ ನಮ್ಮ ಮಕ್ಕಳು ತಿಳಿದಿದ್ದಾರೆ. ಆದರೆ ಅದರ ಮೊದಲ ಪಾಠಗಳಾದ ಅಳತೆ, ಬಲ, ವಸ್ತುವಿನ ಗುಣ ಮೂರೂ ನಮ್ಮ ದಿನಪತ್ರಿಕೆಯಲ್ಲಿ ಕಟ್ಟೆಯ ಮಟ್ಟ ಹಾಕುವ ಮೂಲೆಯಲ್ಲಿ ದಿನಾ ಅಚ್ಚಾಗುತ್ತಿವೆ. ಇವತ್ತು ಆ ಮೂಲೆಯನ್ನೇ ಓದೋಣ.

ಅಲ್ಲಿ ಮೂರು ಅಂಕಿಗಳಿರುತ್ತವೆ. ನೀರಿನ ಮಟ್ಟ ಅಡಿಯಲ್ಲಿ, ಸಂಗ್ರಹ ಟಿಎಂಸಿಯಲ್ಲಿ, ಒಳಹರಿವು ಕ್ಯುಸೆಕ್‌ನಲ್ಲಿ. ಮೊದಲನೆಯದು ಬರೀ ಎತ್ತರ. ಎರಡನೆಯದು ಗಾತ್ರ: ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಹೆಚ್ಚುಕಡಿಮೆ 2,830 ಕೋಟಿ ಲೀಟರ್. ಮೂರನೆಯದರಲ್ಲಿ ಕಾಲವೂ ಸೇರಿಕೊಂಡಿದೆ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28.3 ಲೀಟರ್ ಹರಿದರೆ ಒಂದು ಕ್ಯುಸೆಕ್. 11,574 ಕ್ಯುಸೆಕ್ ನೀರು ಇಡೀ ಒಂದು ದಿನ ಬಂದರೆ ಒಂದು ಟಿಎಂಸಿ ಕೂಡುತ್ತದೆ. ಇಷ್ಟು ಗೊತ್ತಿದ್ದರೆ, ನದಿಗೆ ಎಷ್ಟು ಬಿಟ್ಟರು, ಎಷ್ಟು ದಿನ ಬಿಟ್ಟರು, ಒಟ್ಟು ಎಷ್ಟು ಹೋಯಿತು ಎಂಬುದನ್ನು ಯಾರನ್ನೂ ಕೇಳದೆ ನಾವೇ ಕೂತು ಲೆಕ್ಕ ಹಾಕಬಹುದು.

ರೈತನಿಗೆ ಬೇಕಾದದ್ದು ಟಿಎಂಸಿ. ಆದರೆ ದಪ್ಪ ಅಕ್ಷರದಲ್ಲಿ ಅಚ್ಚಾಗುವುದು ಅಡಿ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಕಟ್ಟೆಯ ಪೂರ್ಣ ಮಟ್ಟ 124.80 ಅಡಿ, ಆಗ ಸಂಗ್ರಹ 49.45 ಟಿಎಂಸಿ. ಹಾಗಾದರೆ ನೂರು ಅಡಿ ಇದ್ದಾಗ ಐದರಲ್ಲಿ ನಾಲ್ಕು ಪಾಲು ನೀರಿದೆ ಅಂದುಕೊಳ್ಳುವುದು ಸಹಜ. ನಿಜವಾಗಿ ಆಗ ಅರ್ಧವೂ ಇರುವುದಿಲ್ಲ. ಕಣಿವೆ ತಳದಲ್ಲಿ ಕಿರಿದು, ಮೇಲೆ ಹೋದಂತೆ ಅಗಲ. ಮೇಲಿನ ಕೊನೆಯ ಒಂದು ಅಡಿಯಲ್ಲೇ ಒಂದು ಟಿಎಂಸಿಗೂ ಮಿಗಿಲು ನೀರು ನಿಲ್ಲುತ್ತದೆ; ತಳದ ಅಡಿಯಲ್ಲಿ ಅದರ ಅತಿ ಸಣ್ಣ ಪಾಲು. ಬೇಸಿಗೆಯಲ್ಲಿ ಮಟ್ಟ ಬರಬರುತ್ತಾ ಬೇಗ ಬೇಗ ಇಳಿಯುವುದೂ ಇದೇ ಕಾರಣಕ್ಕೆ.

ಅಡಿ ಲೆಕ್ಕ ಯಾರಿಗೆ ಬೇಕು ಹಾಗಾದರೆ? ಕಟ್ಟೆಗೆ ಬೇಕು. ಒಂದು ಘನ ಅಡಿ ನೀರು ಸುಮಾರು 28.3 ಕಿಲೋ ತೂಗುತ್ತದೆ. ತುಂಬಿದ ಕಟ್ಟೆಯ ತಳದಲ್ಲಿ ಒಂದು ಚದರ ಅಡಿ ಜಾಗದ ಮೇಲೆ ಮೂರೂವರೆ ಟನ್ ಭಾರ ಬೀಳುತ್ತದೆ. ನೀರು ಕೆಳಕ್ಕೆ ಮಾತ್ರ ಒತ್ತುವುದಿಲ್ಲ, ಅಷ್ಟೇ ಬಲದಿಂದ ಪಕ್ಕಕ್ಕೂ ಒತ್ತುತ್ತದೆ. ಮೇಲ್ಮೈಯಲ್ಲಿ ಸೊನ್ನೆ, ತಳದಲ್ಲಿ ಮೂರೂವರೆ ಟನ್. ಸರಾಸರಿ ತೆಗೆದು ಆಳದಿಂದ ಗುಣಿಸಿದರೆ, ನದಿಯ ಪಾತ್ರದ ಆಳದ ಭಾಗದಲ್ಲಿ ಗೋಡೆಯ ಪ್ರತಿ ಒಂದು ಅಡಿ ಉದ್ದವನ್ನೂ 220 ಟನ್ ಬಲ ತಳ್ಳುತ್ತಿರುತ್ತದೆ. ನೀರು ಅರ್ಧ ಮಟ್ಟಕ್ಕೆ ಇಳಿದರೆ ಬಲ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ, 55 ಟನ್. ಆಳದ ವರ್ಗಕ್ಕೆ ತಕ್ಕಂತೆ ಬಲ ಏರುವುದರಿಂದಲೇ ಕೊನೆಯ ಅಡಿಗಳು ಎಂಜಿನಿಯರನ ನಿದ್ದೆ ಕೆಡಿಸುತ್ತವೆ.

ಇನ್ನೊಂದು ಸಂಗತಿ ಕೇಳಿ, ನಂಬುವುದು ಕಷ್ಟ. ಕೆ.ಆರ್.ಪೇಟೆ ತಾಲ್ಲೂಕಿನ ಅಂಬಿಗರಹಳ್ಳಿ ಸಂಗಮದ ಕಡೆಗೆ ಚಾಚಿದ ಅಷ್ಟೂ ಹಿನ್ನೀರು ಕಟ್ಟೆಯನ್ನು ತಳ್ಳುತ್ತಿದೆ ಅನ್ನಿಸುತ್ತದೆ. ಹಾಗಿಲ್ಲ. ಗೋಡೆಯ ಹಿಂದೆ ಮೊಳದಗಲ ನೀರಿರಲಿ, ಹರದಾರಿಗಟ್ಟಲೆ ಇರಲಿ, ಆಳ ಒಂದೇ ಆದರೆ ನಿಂತ ನೀರಿನ ಬಲವೂ ಒಂದೇ. ಡಚ್ ಎಂಜಿನಿಯರ್ ಸೈಮನ್ ಸ್ಟೆವಿನ್ ಒತ್ತಡ ಆಳವನ್ನು ಮಾತ್ರ ಅವಲಂಬಿಸುತ್ತದೆ ಎಂದು 1586ರಲ್ಲೇ ತೋರಿಸಿದ್ದ.

ಈ ಬಲಕ್ಕೆ ಎದುರು ನಿಂತಿರುವುದು ಕಟ್ಟೆಯ ತೂಕ. 1911ರಲ್ಲಿ ಕೆಲಸ ಶುರುವಾದಾಗ ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್; ಮರು ವರ್ಷ ದಿವಾನರಾದರು. ಕಟ್ಟೆಗೆ ಬಳಸಿದ್ದು ಕಲ್ಲು ಮತ್ತು ಸುರ್ಕಿ ಗಾರೆ. ಸುರ್ಕಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ, ಸುಣ್ಣದೊಡನೆ ಸೇರಿದರೆ ನೀರಿನಲ್ಲಿದ್ದೂ ಗಟ್ಟಿಯಾಗುತ್ತಾ ಹೋಗುತ್ತದೆ, ಬರೀ ಸುಣ್ಣಕ್ಕೆ ಆ ಗುಣವಿಲ್ಲ. ಕಲ್ಲಿನ ಕಟ್ಟಡ ನೀರಿಗಿಂತ ಎರಡು ಪಟ್ಟಿಗೂ ಮೀರಿ ಭಾರ. ಅದುಮಿದರೆ ಕಲ್ಲು ಎಷ್ಟು ಬೇಕಾದರೂ ತಡೆಯುತ್ತದೆ, ಎಳೆದರೆ ಬಿರುಕು ಬಿಡುತ್ತದೆ. ಹಾಗಾಗಿ ಇಂಥ ಗೋಡೆಯನ್ನು ತಳದಲ್ಲಿ ಅಗಲ ಮಾಡಿ, ನೀರಿನ ತಳ್ಳುವಿಕೆಯೂ ಗೋಡೆಯ ತೂಕವೂ ಕೂಡಿದ ಬಲ ತಳದ ನಡುವಿನ ಮೂರನೇ ಒಂದು ಭಾಗದೊಳಗೇ ಬೀಳುವಂತೆ ಕಟ್ಟುತ್ತಾರೆ. ಆಗ ಕಲ್ಲಿನ ಯಾವ ಸಂದಿಯಲ್ಲೂ ಎಳೆತ ಹುಟ್ಟುವುದಿಲ್ಲ. ತೊಂಬತ್ತು ವರ್ಷ ದಾಟಿದ ಈ ಗೋಡೆಯ ಮುಂದೆ ನಿಂತಾಗಲೆಲ್ಲ ಆ ಕಾಲದ ಗಾರೆ ಕೆಲಸದವರನ್ನು ನಾನು ಗೌರವದಿಂದ ನೆನೆಯುತ್ತೇನೆ.

ಪಾಂಡವಪುರದ ಬೇಬಿ ಬೆಟ್ಟದ ಕಲ್ಲು ಗಣಿಗಳ ಸಿಡಿತ ಕಟ್ಟೆಗೆ ಅಪಾಯವೇ ಎಂಬ ಜಗಳವೂ ಇಲ್ಲಿಗೇ ಬರುತ್ತದೆ. ಸಿಡಿಮದ್ದಿನ ಅದುರು ನೆಲದಲ್ಲಿ ಎಷ್ಟು ವೇಗದಲ್ಲಿ ಸಾಗಿ ಬಂತು, ಕಟ್ಟೆಯ ಬುಡದಲ್ಲಿ ನೆಲ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಅಲುಗಿತು ಎಂಬುದನ್ನು ಯಂತ್ರ ಇಟ್ಟು ಅಳೆಯಬಹುದು. 2024ರ ಜನವರಿಯಲ್ಲಿ ಹೈಕೋರ್ಟು ಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆಯನ್ನು ತಡೆದದ್ದು ಸರಿಯಾದ ಎಚ್ಚರಿಕೆ ಎಂದೇ ನನ್ನ ಅಭಿಪ್ರಾಯ.

ನಾಗಮಂಗಲದವರು ಕೇಳುವ ಪ್ರಶ್ನೆ ಉಳಿಯಿತು: ಇಷ್ಟು ಹತ್ತಿರದ ಕಟ್ಟೆಯ ನೀರು ನಮಗೇಕೆ ಹರಿದು ಬರುವುದಿಲ್ಲ? ಉತ್ತರ ಎತ್ತರದ ಲೆಕ್ಕದಲ್ಲಿದೆ. ಪತ್ರಿಕೆಯಲ್ಲಿ ಕೆಆರ್‌ಎಸ್‌ಗೆ 124.80 ಅಡಿ, ಹೇಮಾವತಿಗೆ 2,922 ಅಡಿ, ಕಬಿನಿಗೆ 2,284 ಅಡಿ ಎಂದು ಒಂದರ ಕೆಳಗೊಂದು ಇರುತ್ತದೆ. ಕೆಆರ್‌ಎಸ್‌ನದು ನದಿಯ ತಳದಿಂದ ಅಳೆದದ್ದು, ಉಳಿದೆರಡು ಸಮುದ್ರ ಮಟ್ಟದಿಂದ. ಸೊನ್ನೆಯೇ ಬೇರೆ ಆದಮೇಲೆ ಹೋಲಿಸುವುದು ಹೇಗೆ? ಕೆಆರ್‌ಎಸ್ ಅನ್ನೂ ಸಮುದ್ರ ಮಟ್ಟದಿಂದ ಅಳೆದರೆ, ತುಂಬಿದಾಗ ಸುಮಾರು 2,468 ಅಡಿ. ನಾಗಮಂಗಲ ಪಟ್ಟಣ ಅದಕ್ಕಿಂತ ಮೇಲಿದೆ. ಪಂಪಿಲ್ಲದೆ ನೀರು ಅಲ್ಲಿಗೆ ಹತ್ತುವುದಿಲ್ಲ. ಗೊರೂರಿನ ಹೇಮಾವತಿ ಕಟ್ಟೆ ಕೆಆರ್‌ಎಸ್‌ಗಿಂತ ಸುಮಾರು 450 ಅಡಿ ಮೇಲಿರುವುದರಿಂದಲೇ ಕೆ.ಆರ್.ಪೇಟೆ, ನಾಗಮಂಗಲಕ್ಕೆ ನಾಲೆ ಅಲ್ಲಿಂದ ಬಂತು. ಪಾಂಡವಪುರ ರೈಲು ನಿಲ್ದಾಣದ ಫಲಕದಲ್ಲಿ ಸಮುದ್ರ ಮಟ್ಟದಿಂದ ಎತ್ತರ ಬರೆದಿರುತ್ತದಲ್ಲ, ಹಾಗೆಯೇ ನಾಲ್ಕೂ ತಾಲ್ಲೂಕಿನ ಪ್ರತಿ ಶಾಲೆಯ ಗೋಡೆಯ ಮೇಲೂ ಆ ಊರಿನ ಎತ್ತರ ಬರೆಸಬೇಕು. ಪಕ್ಕದಲ್ಲಿ ಎರಡು ಕಟ್ಟೆಗಳ ಎತ್ತರವೂ ಇರಲಿ. ತಮ್ಮೂರಿಗೆ ಯಾವ ನೀರು ತಾನಾಗಿ ಹರಿದೀತು ಎಂಬುದನ್ನು ಮಕ್ಕಳೇ ಕಳೆದು ನೋಡಿ ಹೇಳುತ್ತಾರೆ.